ಪಕ್ಕದ ಕಿಟಕಿಯ ನೀಲಕ್ಕ

ಕಳೆದ ತಿಂಗಳು ತಂಗಿಯ ಮೊಣಕಾಲು ನೋವು ತೋರಿಸಲು ಭಾಲ್ಕಿಯ ಒಂದು ದವಾಖಾನೆಗೆ ಹೋಗಿದ್ದೆ. ಅವಳನ್ನು ಬೆಂಚಿನ ಮೇಲೆ ಕೂರಿಸಿ, ಚೀಟಿ ಹಿಡಿದು ಔಷಧಿ ಕಿಟಕಿಯ ಮುಂದೆ ನಿಂತೆ. ಒಳಗೆ ಯಾರೋ ಬಿ-ಕಾಂಪ್ಲೆಕ್ಸ್ ಗುಳಿಗೆಯ ಡಬ್ಬಿ ಬಿಚ್ಚಿದರು. ಹುಳಿ ಬಂದ ಹಿಟ್ಟಿನಂಥ ಆ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಬಿಡುವುದಿಲ್ಲ. ಜೀವಮಾನವೆಲ್ಲ ಅದನ್ನೇ ಉಸಿರಾಡಿದ ನನಗೆ ತವರಿಗೆ ಬಂದಂತಾಯಿತು. ಎದೆ ತುಂಬ ಎಳೆದುಕೊಂಡೆ. ಅಷ್ಟರಲ್ಲಿ ನನ್ನ ಮುಂದೆ ನಿಂತಿದ್ದ ಮುದುಕಿ ಪಕ್ಕದವಳಿಗೆ ಹೇಳಿದಳು: "ಏನೇ ಅನ್ನು, ನಮ್ಮ ನೀಲಕ್ಕನ ಕೈಗುಣ ಯಾರಿಗೂ ಬರಂಗಿಲ್ಲ ನೋಡು. ಅಕಿ ಗುಳಿಗಿ ಕೊಟ್ಟಳಂದ್ರ ಅರ್ಧ ಜಡ್ಡು ಕಿಟಕ್ಯಾಗೇ ಹೋಗ್ತಿತ್ತು."

ಇಗೋ, ಬಂತು! ನಾನು ನಿವೃತ್ತಳಾಗಿ ವರ್ಷಗಳಾದವು. ಕೂದಲು ಬೆಳ್ಳಗಾಗಿದೆ, ಮೊಮ್ಮಕ್ಕಳಿದ್ದಾರೆ. ಆದರೂ ಆ ಹೆಸರು ಕಿವಿಗೆ ಬಿದ್ದೊಡನೆ ಹೊಟ್ಟೆಯಲ್ಲಿ ಯಾರೋ ಖಾರ ಅರೆದ ಹಾಗಾಯಿತು. ಔರಾದಿನಲ್ಲಿ ನೀಲಕ್ಕ, ಬೀದರಿನಲ್ಲಿ ನೀಲಕ್ಕ, ಈಗ ಭಾಲ್ಕಿಯಲ್ಲೂ ನೀಲಕ್ಕ. ನಾನೂ ಗುಳಿಗೆ ಕೊಟ್ಟವಳೇ ಅಲ್ಲವೇ? ಅವಳಿಗಿಂತ ಮೊದಲಿನಿಂದ ಕೊಟ್ಟವಳು. ಒಬ್ಬರಾದರೂ ಎಲ್ಲಾದರೂ ನಿಂತು "ನಮ್ಮ ರಮಾಬಾಯಿ" ಎಂದದ್ದನ್ನು ನಾನು ಕೇಳಿಲ್ಲ. ತಂಗಿಯ ಗುಳಿಗೆ ತೆಗೆದುಕೊಂಡು ಬಸ್ಸು ಹತ್ತಿದೆ. ಬೀದರ ತಲುಪುವವರೆಗೂ ತಲೆಯಲ್ಲಿ ಆ ಬರದ ವರ್ಷವೇ ತಿರುಗುತ್ತಿತ್ತು.

ಆ ವರ್ಷ ಮಳೆ ಎರಡನೆಯ ಸಲ ಕೈಕೊಟ್ಟಿತ್ತು. ಹೆಸರು, ಉದ್ದು ಹೂವಿಗೆ ಬರುವ ಮೊದಲೇ ಸುಟ್ಟುಹೋಗಿದ್ದವು. ಬೀದರಿನ ಧಾನ್ಯದ ಪೇಟೆ ಗಾಂಧಿ ಗಂಜಿನಲ್ಲಿ ಎಂದಿನ ಲಾರಿಗಳಿಲ್ಲದೆ ಹಮಾಲರು ಖಾಲಿ ಕೈಗಾಡಿಗಳ ಮೇಲೆಯೇ ಮಲಗಿರುತ್ತಿದ್ದರು. ನನ್ನಪ್ಪ ಅದೇ ಗಂಜಿನಲ್ಲಿ ಚೀಲ ಹೊತ್ತು ನನ್ನನ್ನು ಫಾರ್ಮಸಿ ಓದಿಸಿದ್ದ. ಅವನು ತೀರಿಹೋಗಿದ್ದ, ತಂಗಿ ಆಗಲೇ ಮದುವೆಯಾಗಿ ಹೋಗಿದ್ದಳು; ಬೀದರಿನ ಅಂಚಿನ ಚಿದ್ರಿಯ ಮನೆಯಲ್ಲಿ ನಾನು, ಅವ್ವ ಇಬ್ಬರೇ. ನನಗೆ ನೌಕರಿ ಔರಾದಿನ ಸರ್ಕಾರಿ ದವಾಖಾನೆಯಲ್ಲಿ. ದಿನವೂ ಬೆಳಗಿನ ಬಸ್ಸಿಗೆ ಹೊರಟು, ಜನವಾಡ ದಾಟಿ, ಎರಡೂ ಬದಿಯ ಬೋಳು ಹೊಲಗಳನ್ನು ನೋಡುತ್ತ ಹೋಗುತ್ತಿದ್ದೆ. ಊರೂರೇ ಗಂಟು ಕಟ್ಟುತ್ತಿತ್ತು. ಕೆಲವರು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ, ಹೆಚ್ಚಿನವರು ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು.

ನನ್ನ ಕೆಲಸದ ಬಗ್ಗೆ ನಾನೇ ಹೇಳಿಕೊಳ್ಳಬೇಕು, ಬೇರೆಯವರಂತೂ ಹೇಳಲಿಲ್ಲ. ಆಗ ಗುಳಿಗೆಗಳು ದೊಡ್ಡ ಡಬ್ಬಿಗಳಲ್ಲಿ ಬಿಡಿಯಾಗಿ ಬರುತ್ತಿದ್ದವು. ತಟ್ಟೆಗೆ ಸುರಿದು, ಎಣಿಸಿ, ಕಾಗದದ ಪೊಟ್ಟಣ ಕಟ್ಟಿ ಕೊಡಬೇಕು. ನನ್ನಷ್ಟು ಬೇಗ ಎಣಿಸುವವರು ಜಿಲ್ಲೆಯಲ್ಲಿರಲಿಲ್ಲ. ಡಾಕ್ಟರ್ ಸಾಹೇಬರು ಅವಸರದಲ್ಲಿ ಪ್ರಮಾಣ ತಪ್ಪಿ ಬರೆದರೆ ಚೀಟಿ ಹಿಡಿದು ವಾಪಸ್ಸು ಹೋಗುತ್ತಿದ್ದೆ, ಅವರು ಮುಖ ಸಿಂಡರಿಸಿದರೂ ಬಿಡುತ್ತಿರಲಿಲ್ಲ. ಒಂದು ಗುಳಿಗೆ ಆಚೀಚೆ ಆಗುತ್ತಿರಲಿಲ್ಲ. "ಮುಂಜಾನಿ ಒಂದು, ಸಂಜೀಕ ಒಂದು, ಊಟ ಆದಮ್ಯಾಲ. ಮುಂದಿನವರು ಬರ್ರಿ!" ಮಧ್ಯಾಹ್ನದ ಹೊತ್ತಿಗೆ ನನ್ನ ಸಾಲು ಖಾಲಿ.

ಬಾರದ ಮಳೆಗಾಲದ ಕೊನೆಗೆ ಪಕ್ಕದ ಕಿಟಕಿಗೆ ಭಾಲ್ಕಿ ಕಡೆಯಿಂದ ವರ್ಗವಾಗಿ ನೀಲಮ್ಮ ಬಂದಳು. ನನ್ನದೇ ವಯಸ್ಸು, ನನ್ನದೇ ಡಿಪ್ಲೊಮಾ, ಅಂಕ ನನಗಿಂತ ಕಡಿಮೆ, ಕೇಳಿ ತಿಳಿದುಕೊಂಡಿದ್ದೆ. ಕುರಿ ಸಾಕುವ ಮನೆತನದವಳು. ಎಣಿಸುವುದರಲ್ಲಿ ಅಷ್ಟೊಂದು ಚುರುಕಿಲ್ಲ. ಮೊದಲ ವಾರವೇ ಅವಳ ಸಾಲು ಗೇಟಿನವರೆಗೆ ಬೆಳೆದದ್ದು ನೋಡಿ ನನಗೆ ಒಳಗೊಳಗೇ ಖುಷಿ. ತಡವಾಗುತ್ತದೆ ಎಂದು ಜನ ಬೈಯುತ್ತಾರೆ, ನನ್ನ ಕಡೆ ಬರುತ್ತಾರೆ ಎಂದುಕೊಂಡೆ. ಎಲ್ಲಿಯ ಮಾತು! ನನ್ನ ಕಿಟಕಿ ಖಾಲಿ ಇದ್ದರೂ ಜನ ಬಿಸಿಲಲ್ಲಿ ಅವಳ ಸಾಲಿನಲ್ಲೇ ನಿಂತರು. ನಾನು ಕೈ ಬೀಸಿ ಕರೆದರೆ, "ಇರ್ಲಿ ಬಿಡ್ರಿ ಬಾಯಾರ, ನಮಗ ಫುರಸತ್ತದ" ಎನ್ನುತ್ತಿದ್ದರು. ನಾನು ಮೇಡಂ ಎಂದು ದೂರ ನಿಲ್ಲಿಸುವಂಥ ಬಾಯಾರ, ಅವಳು ಅಕ್ಕ. ಬಂದು ತಿಂಗಳಾಗಿರಲಿಲ್ಲ, ಆಗಲೇ ಅಕ್ಕ!

ಅವಳು ಮಾಡುತ್ತಿದ್ದದ್ದೇನು? ಕಿಟಕಿಗೆ ಬಂದವರಿಗೆ ಮೊದಲ ಮಾತೇ "ಗಂಟು ಬಿಚ್ರಿ". ಮನೆಯಲ್ಲಿ ಇರುವ ಗುಳಿಗೆಯನ್ನೆಲ್ಲ ಮುಂದಿನ ಸಲ ಕಟ್ಟಿಕೊಂಡು ಬರಬೇಕು, ಅವಳ ಮುಂದೆ ಸುರಿಯಬೇಕು. ಒಂದು ದಿನ ಒಬ್ಬ ಅಜ್ಜಿಯ ಸೆರಗಿನಿಂದ ನಮ್ಮ ಪೊಟ್ಟಣ ಬಿತ್ತು, ಪೇಟೆಯ ಅಂಗಡಿಯಲ್ಲಿ ಕೊಂಡ ಗುಳಿಗೆಯ ಪಟ್ಟಿ ಬಿತ್ತು, ಜೊತೆಗೆ ಕಡಲೆಕಾಯಿಯಷ್ಟು ದಪ್ಪದ ಇನ್ನೊಂದು ಗುಳಿಗೆ.

"ಆಯಿ, ಇದು ಯಾರಿಗಿ ಕೊಟ್ಟದ್ದು?" ಎಂದು ನೀಲಮ್ಮ ಕೇಳಿದಳು.

"ಎಮ್ಮಿಗಿ."

"ಎಮ್ಮಿದು ನಿನ್ನ ಗಂಟಿನ್ಯಾಗ ಯಾಕ ಬಂತು?"

"ಎಮ್ಮಿ ಸತ್ತಿತವ್ವಾ, ಗುಳಿಗಿ ಉಳೀತು. ಚೆಲ್ಲಲಿಕ್ಕ ಮನಸ್ಸಾಗ್ಲಿಲ್ಲ. ನನಗೂ ಹೊಟ್ಟಿ ನೋವೇ ಅದ."

ಸಾಲಿಗೆ ಸಾಲೇ ನಕ್ಕಿತು. ನೀಲಮ್ಮ ನಗುತ್ತಲೇ ಎಮ್ಮೆಯದ್ದನ್ನು ತೆಗೆದಿಟ್ಟಳು. ಆಮೇಲೆ ಮುಖ ಗಂಭೀರ ಮಾಡಿ, ನಮ್ಮ ಪೊಟ್ಟಣದ್ದೂ ಅಂಗಡಿಯದ್ದೂ ಒಂದೇ ಬಿಪಿ ಗುಳಿಗೆ ಎಂದು ತೋರಿಸಿದಳು. ಅಜ್ಜಿ ಎರಡನ್ನೂ ನುಂಗುತ್ತಿದ್ದಳು, ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ ಎಂದು ಮೂರನೆಯದನ್ನು ಕೇಳಲು ಬಂದಿದ್ದಳು. ನಾನು ಈ ಕಿಟಕಿಯಿಂದ ಎಲ್ಲ ನೋಡುತ್ತಿದ್ದೆ. ಆ ಅಜ್ಜಿ ಅಲ್ಲಿಯವರೆಗೆ ನನ್ನ ಸಾಲಿನವಳು. "ಗಂಟು ಬಿಚ್ಚು" ಎಂಬ ಎರಡು ಮಾತು! ನನಗೇಕೆ ಹೊಳೆಯಲಿಲ್ಲ ಎಂದು ಮೈ ಪರಚಿಕೊಳ್ಳುವಂತಾಯಿತು.

ಇನ್ನೊಂದು ಅವಳ ಆಟವಿತ್ತು. ಗುಳಿಗೆ ಕೊಟ್ಟ ಮೇಲೆ ಕಿಟಕಿಯ ಮೇಲೆ ಮೊಣಕೈ ಊರಿ, "ಈಗ ನೀವ್ ನೀಲಕ್ಕ, ನಾ ಪೇಷಂಟ್. ಹ್ಯಾಂಗ ತಗೋಬೇಕು, ನನಗ ತಿಳಿಸಿ ಹೇಳ್ರಿ" ಎನ್ನುತ್ತಿದ್ದಳು. ಸೊಂಟ ಬಾಗಿದ ಮುದುಕರು ಮೀಸೆ ತಿರುವಿ ಅವಳಿಗೆ ಗದರಿಸಿ ಹೇಳುತ್ತಿದ್ದರು. ತಪ್ಪು ಹೇಳಿದರೆ ಮತ್ತೆ ಮೊದಲಿನಿಂದ. ಸರಿ ಹೇಳುವವರೆಗೆ ಪೊಟ್ಟಣ ಕೈಗೆ ಕೊಡುತ್ತಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ದವಾಖಾನೆಯ ಹೊಟ್ಟೆಕಿಚ್ಚನ್ನು ದವಾಖಾನೆಯಲ್ಲೇ ಬಿಟ್ಟು ಬರಬಹುದಿತ್ತು. ಆದರೆ ಅವಳು ಕೋಣೆ ಹಿಡಿದದ್ದು ನಮ್ಮ ಚಿದ್ರಿಯಲ್ಲಿ, ನಮ್ಮದೇ ಓಣಿಯಲ್ಲಿ. ಒಂದು ರವಿವಾರ ನಾನು ಬಟ್ಟೆ ಒಗೆದು ಒಳಗೆ ಬರುತ್ತೇನೆ, ಅವ್ವ ಅವಳೆದುರು ತನ್ನ ಗುಳಿಗೆ ಡಬ್ಬಿ ತೆರೆದುಕೊಂಡು ಕೂತಿದ್ದಾಳೆ! ಬುದ್ಧನ ಫೋಟೋದ ಕೆಳಗೆ, ನನ್ನ ಮನೆಯಲ್ಲಿ, ನನ್ನ ಹೆತ್ತ ತಾಯಿ. ಅವಳು ಹೋದ ಮೇಲೆ ಅವ್ವ ಹೇಳಿದಳು, "ರಮಾ, ಇನ್ನ ನಾ ಉಪ್ಪಿನಕಾಯಿ ಮುಟ್ಟಂಗಿಲ್ಲ. ಬಿಪಿ ಇದ್ದೋರು ಉಪ್ಪು ತಿನ್ನಬಾರ್ದಂತ, ನೀಲಾ ಹೇಳ್ಯಾಳ."

"ನಾ ಏನ್ ಹೇಳ್ತಿದ್ದೆ ಇಷ್ಟು ದಿನ? ಬಾಯಿ ಬಡ್ಕೊಂಡೀನಲ್ಲ!"

"ನೀ ಬೈತಿದ್ದಿ," ಎಂದಳು ಅವ್ವ. "ಅಕಿ ಹೇಳಿದ್ಲು."

ಆ ದಿನ ನಾನು ಊಟ ಮಾಡಲಿಲ್ಲ. ಸ್ವಂತ ತಾಯಿಯೇ ಸಾಲು ಬದಲಿಸಿದ ಮೇಲೆ ಊರವರದ್ದೇನು?

ದಸರೆ ಹತ್ತಿರ ಬಂತು. ಕಬ್ಬು ಕಡಿಯುವ ತಂಡಗಳಿಗೆ ನಮ್ಮ ಕಡೆ ಟೋಳಿ ಎನ್ನುತ್ತಾರೆ, ಅವನ್ನು ಕರೆದೊಯ್ಯುವವನು ಮುಕಾದಮ್. ದಸರೆ ಮುಗಿದೊಡನೆ ಟೋಳಿಗಳು ಲಾರಿ ಏರುತ್ತವೆ, ಬೇಸಿಗೆಯ ನಡುವೆ ತಿರುಗಿ ಬರುತ್ತವೆ. ಹೋದವರಲ್ಲಿ ಬಿಪಿ, ಸಕ್ಕರೆ, ಫಿಟ್ಸ್ ಇದ್ದವರೂ ಇರುತ್ತಿದ್ದರು. ತಿಂಗಳಿನ ಗುಳಿಗೆ ಒಯ್ದವರು ಅದು ಮುಗಿದ ಮೇಲೆ ಏನು ಮಾಡುತ್ತಾರೆ ಎಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ನೀಲಮ್ಮ ಕೇಳಿದಳು. ಡಾಕ್ಟರ್ ಸಾಹೇಬರ ಕೋಣೆಗೆ ಹೋಗಿ, ಒಬ್ಬೊಬ್ಬರನ್ನೂ ಮತ್ತೆ ತಪಾಸಣೆ ಮಾಡಿ, ಹೊರಡುವವರಿಗೆ ಸೀಸನ್ ಮುಗಿಯುವಷ್ಟು ಗುಳಿಗೆ ಬರೆದುಕೊಡಿ ಎಂದಳು. ಸಾಹೇಬರು ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಎಲ್ಲರೆದುರು "ನೀಲಮ್ಮ ಛಂದ ವಿಚಾರ ಮಾಡ್ಯಾರ" ಎಂದರು. ಅವರ ತಪ್ಪು ಚೀಟಿ ತಿದ್ದಿಸಿಕೊಂಡು ಬರುತ್ತಿದ್ದ ನನಗೆ ಅಷ್ಟು ವರ್ಷದಲ್ಲಿ ಒಂದು ಛಂದವೂ ಸಿಕ್ಕಿರಲಿಲ್ಲ.

ಓದು ಬಾರದವರಿಗೆ ಹೊತ್ತು ತಿಳಿಯಲೆಂದು ಅವಳು ತವರಿನಿಂದ ಉಣ್ಣೆಯ ದಾರ ತಂದಳು. ಕರಿ ಕುರಿಯ ದಾರ ಕಟ್ಟಿದ ಪೊಟ್ಟಣ ರಾತ್ರಿಯದು, ಬಿಳಿ ಕುರಿಯ ದಾರ ಕಟ್ಟಿದ್ದು ಮುಂಜಾನೆಯದು. ಜನ ಕಣ್ಣರಳಿಸಿ ನೋಡಿದರು. ನೋಡದೆ ಏನು, ನನಗೂ ಕಣ್ಣು ಕುಕ್ಕಿತು. ಹಮಾಲನ ಮಗಳಿಗೆ ಉಣ್ಣೆ ಎಲ್ಲಿಂದ ಬರಬೇಕು, ಗೋಣಿಚೀಲದ ಸುತಳಿ ಬಿಟ್ಟು?

ಆ ದಿನಗಳಲ್ಲೇ ತುಳಜಮ್ಮ ಮತ್ತು ಅವಳ ಸೊಸೆ ಚಂದ್ರಕಲಾ ಅವಳ ಕಿಟಕಿಗೆ ಬಂದರು. ತುಳಜಮ್ಮನಿಗೆ ಸಕ್ಕರೆ ಕಾಯಿಲೆ, ಮುಂಜಾನೆ ಒಂದು ಗುಳಿಗೆ. ಚಂದ್ರಕಲಾ ಇನ್ನೂ ಹುಡುಗಿಯಂತಿದ್ದಳು, ಅವಳಿಗೆ ಫಿಟ್ಸ್. ರಾತ್ರಿ ಒಂದು ಗುಳಿಗೆ ತಪ್ಪದೆ ತೆಗೆದುಕೊಂಡರೆ ಏನೂ ಇಲ್ಲ; ತಪ್ಪಿದರೆ ನಿಂತಲ್ಲೇ ಬೀಳುತ್ತಿದ್ದಳು. ಗಂಡನ ಜೊತೆ ಕಬ್ಬಿಗೆ ಹೊರಟಿದ್ದಳು. ಅತ್ತೆ ಹಳ್ಳಿಯಲ್ಲಿ ಒಬ್ಬಳೇ ಉಳಿಯುವವಳು, ತಿಂಗಳಿಗೊಮ್ಮೆ ಕರೆತರುವವರಿಲ್ಲವೆಂದು ಅವಳಿಗೂ ಸೀಸನ್ನಿನಷ್ಟು ಗುಳಿಗೆ ಬರೆದಿದ್ದರು. ನೀಲಮ್ಮ ಬಿಳಿ ದಾರದ ಪೊಟ್ಟಣಗಳನ್ನು ಅತ್ತೆಗೂ ಕರಿ ದಾರದ ಪೊಟ್ಟಣಗಳನ್ನು ಸೊಸೆಗೂ ಕೊಟ್ಟು, ಇಬ್ಬರಿಂದಲೂ ಹೇಳಿಸಿಯೇ ಕಳಿಸಿದಳು. ನನ್ನ ಕಿವಿಯಾರೆ ಕೇಳಿದೆ, ಇಬ್ಬರೂ ಬರೋಬರ್ ಹೇಳಿದರು.

ಟೋಳಿ ಹೊರಡುವ ದಿನ ನೀಲಮ್ಮ ರಜೆಯ ಮೇಲೆ ಭಾಲ್ಕಿಗೆ ಹೋಗಿದ್ದಳು, ಮನೆಯಲ್ಲಿ ಯಾರದೋ ನಿಶ್ಚಯ ಕಾರ್ಯ. ಮಧ್ಯಾಹ್ನ ಕೆಲಸ ತಗ್ಗಿದೊಡನೆ ನಾನು ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಯಾಕೆ ಹೋದೆ ಎಂದರೆ, ಒಂದೇ ಆಸೆ: ಅವಳ ಆ ಪೊಟ್ಟಣಗಳು ಅಲ್ಲೆಲ್ಲ ಚೆಲ್ಲಾಡಿ ಬಿದ್ದಿರಬೇಕು, ನಾನು ಕಣ್ಣಾರೆ ನೋಡಬೇಕು, ನಾಳೆ ಸಾಹೇಬರ ಮುಂದೆ ಹೇಳಬೇಕು.

ಬಸ್ ಸ್ಟ್ಯಾಂಡಿನ ಹಿಂದಿನ ಬೇವಿನ ಗಿಡಗಳ ಕೆಳಗೆ ಲಾರಿ ನಿಂತಿತ್ತು. ನೆರಳಿನಲ್ಲಿ ಮನೆಮನೆಯವರೂ ಒಂದೊಂದು ಕಂಬಳಿ ಹಾಸಿಕೊಂಡು ಪಾಲು ಮಾಡುತ್ತಿದ್ದರು. ಅದು ನಮ್ಮ ಕಡೆಯ ಪದ್ಧತಿ. ಮನೆ ಎರಡಾಗಿ ಸೀಸನ್ನಿಗೆ ಹೊರಡುವಾಗ ಜೋಳ, ಖಾರಪುಡಿ, ಉಪ್ಪು, ಎಣ್ಣೆ ಎಲ್ಲವನ್ನೂ ಹೋಗುವವರಿಗೆ, ಉಳಿಯುವವರಿಗೆ ಎಂದು ನಾಲ್ಕು ಜನರೆದುರು ಸಮ ಹಂಚಬೇಕು. ಮನೆಯಲ್ಲೇ ಹಂಚಿಕೊಂಡರೆ ನಾಳೆ ಒಬ್ಬರು ಹೆಚ್ಚು ಒಯ್ದರು ಎಂಬ ಮಾತು ಬರುತ್ತದೆ ಎಂದು ಗಾಡಿಯ ಮುಂದೆಯೇ ಅಳೆಯುತ್ತಾರೆ.

ನೆಲದ ಮೇಲೆ ನನಗೆ ಮೊದಲು ಕಂಡದ್ದು ಕತ್ತರಿಸಿ ಬಿಸಾಡಿದ ಕರಿ, ಬಿಳಿ ಉಣ್ಣೆಯ ತುಂಡುಗಳು. ಎದೆ ಕುಣಿಯಿತು. ಸಿಕ್ಕಿಬಿದ್ದಳು ನೀಲಕ್ಕ! ಮುಂದೆ ಹೋಗಿ ನೋಡಿದರೆ ಕಂಬಳಿಯ ಮೇಲೆ ತುಳಜಮ್ಮ ಕೂತಿದ್ದಳು, ಎರಡು ಚಹಾಪುಡಿ ಡಬ್ಬಿ ಮುಂದಿಟ್ಟುಕೊಂಡು. ಪೊಟ್ಟಣ ಬಿಚ್ಚಿ, ಬಿಳಿ ದಾರದ್ದರಲ್ಲಿ ಅರ್ಧ ಒಂದು ಡಬ್ಬಿಗೆ, ಅರ್ಧ ಇನ್ನೊಂದಕ್ಕೆ. ಕರಿ ದಾರದ್ದೂ ಹಾಗೆಯೇ. ಎರಡೂ ಬಿಳಿ ಗುಳಿಗೆ, ಎರಡೂ ಚಿಕ್ಕವು, ಡಬ್ಬಿಯ ತಳದಲ್ಲಿ ಹಳೆಯ ಪುಡಿ ಮೆತ್ತಿಕೊಂಡು ಒಂದರೊಳಗೊಂದು ಕಲೆತು ಕೂತಿದ್ದವು. ಕುಣಿದ ಎದೆ ಅಲ್ಲೇ ಧಸಕ್ಕೆಂದಿತು.

"ಏನ್ ಮಾಡ್ಲಕತ್ತೀರಿ ಆಯಿ?"

"ಪಾಲು ಮಾಡ್ಲಕತ್ತೀನ್ರಿ. ಬಿಳಿ ದಾರ ಹಗಲಿಂದು, ಕರಿ ದಾರ ರಾತ್ರಿದು. ಅಕಿಗಿ ಬರೇ ರಾತ್ರಿದು ಕೊಟ್ಟಾರ, ನನಗ ಬರೇ ಹಗಲಿಂದು. ಹಗಲೂ ರಾತ್ರಿ ಇಬ್ಬರಿಗೂ ಇರ್ತದಲ್ಲರಿ? ಕೂಸು ಪರದೇಶಕ್ಕ ಹೊಂಟದ. ನನ್ನದರಾಗ ಅರ್ಧ ಒಯ್ಯಲಿ."

ನೋಡಿ, ಅವಳ ಮನಸ್ಸಿನಲ್ಲಿ ಮೋಸವಿರಲಿಲ್ಲ. ತನ್ನ ಗುಳಿಗೆ ಕಡಿಮೆಯಾದರೂ ಸರಿ, ಸೊಸೆಗೆ ಹಗಲಿನದು ಇಲ್ಲದಂತಾಗಬಾರದು ಎಂಬ ಅಕ್ಕರೆ. ಆದರೆ ಆ ಡಬ್ಬಿ ಲಾರಿ ಏರಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಸಕ್ಕರೆ ಇಲ್ಲದ ಹುಡುಗಿ ಖಾಲಿ ಹೊಟ್ಟೆಯಲ್ಲಿ ಸಕ್ಕರೆಯ ಗುಳಿಗೆ ನುಂಗಿ ಕಬ್ಬಿನ ಹೊಲಕ್ಕಿಳಿದರೆ ಅಲ್ಲೇ ಕುಸಿಯುತ್ತಾಳೆ. ಅವಳ ಫಿಟ್ಸಿನ ಗುಳಿಗೆ ಸೀಸನ್ನಿನ ನಡುವೆಯೇ ಮುಗಿಯುತ್ತದೆ, ಒಮ್ಮೆಲೇ ನಿಂತರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಬರುತ್ತದೆ. ಕೈಯಲ್ಲಿ ಕಬ್ಬು ಕಡಿಯುವ ಹರಿತವಾದ ಕತ್ತಿ, ಕೋಯ್ತಾ ಬೇರೆ. ಇಲ್ಲಿ ಮುದುಕಿ ಫಿಟ್ಸಿನ ಗುಳಿಗೆಯ ಮಂಪರಿನಲ್ಲಿ ಒಬ್ಬಳೇ ಎಲ್ಲಿ ಬಿದ್ದಿರುತ್ತಾಳೋ.

"ಆ ಡಬ್ಬಿ ಇಲ್ಲಿ ಕೊಡ್ರಿ," ಎಂದು ಕೈ ಹಾಕಿದೆ. ತುಳಜಮ್ಮ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ನೀವ್ ಯಾಕ ಕೈ ಹಚ್ತೀರಿ ಬಾಯಾರ? ಇದು ನೀಲಕ್ಕ ಕೊಟ್ಟದ್ದು. ನಮ್ಮ ಮನಿ ಪಾಲಿನ ಮಾತು ನಮಗ ಬಿಡ್ರಿ."

ತಿಳಿಸಿ ಹೇಳಿದೆ. ಗದರಿಸಿ ಹೇಳಿದೆ. ಸುತ್ತ ಜನ ಸೇರಿದರು. ಸೊಸೆಯನ್ನು ಕೇಳಿದರೆ ಅವಳು ತಲೆ ಬಗ್ಗಿಸಿದಳು. ಎಲ್ಲರೆದುರು ತನ್ನ ಗುಳಿಗೆ ತನಗೇ ಬೇಕು ಎಂದರೆ ಸ್ವಾರ್ಥಿ ಎನಿಸಿಕೊಳ್ಳುತ್ತಾಳೆ. ಮುಕಾದಮ್ ಲಾರಿಯ ಬಾಗಿಲು ಬಡಿದು, "ಏರ್ರಿ, ಏರ್ರಿ, ಹೊತ್ತಾತು" ಎಂದು ಕೂಗಿದ. ತುಳಜಮ್ಮ ಒಂದು ಡಬ್ಬಿಯ ಮುಚ್ಚಳ ಹಾಕಿ ಸೊಸೆಯ ಕೈಗಿಟ್ಟಳು. ನನ್ನ ಕಡೆ ತಿರುಗಿ, "ನೀಲಕ್ಕಗ ಕರೀರಿ. ಅಕಿ ಬಂದು ಬ್ಯಾಡಂದ್ರ ಬಿಡ್ತೇನಿ. ನಮಗ ಅಕಿ ಮ್ಯಾಲ ಭರೋಸಾ" ಎಂದಳು.

ಭಾಲ್ಕಿಯಲ್ಲಿರುವವಳನ್ನು ಎಲ್ಲಿಂದ ಕರೆಯಲಿ? ಚಂದ್ರಕಲಾ ಡಬ್ಬಿಯನ್ನು ಗಂಟಿನೊಳಗೆ ತುರುಕಿ ಎದ್ದಳು. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ!

"ನೀಲಕ್ಕನೇ ಕಳಿಸ್ಯಾಳ ನನಗ."

ಎಲ್ಲರೂ ನನ್ನ ಕಡೆ ತಿರುಗಿದರು. "ಅಕಿ ಊರಾಗಿಲ್ಲ. ಟೋಳಿ ಹೊಂಟದಂತ ಗೊತ್ತಿತ್ತು ಅಕಿಗಿ. ನೀವ್ ಹೋಗಿ ಎಲ್ಲರ ಗುಳಿಗಿ ಇನ್ನೊಮ್ಮಿ ನೋಡಿ ಬರ್ರಿ ಅಂತ ಹೇಳಿ ಹೋಗ್ಯಾಳ," ಎಂದೆ.

ತುಳಜಮ್ಮನ ಮುಖ ಬಿಚ್ಚಿತು. "ಮೊದಲೇ ಹೇಳಬಾರ್ದೇನ್ರಿ! ಬರ್ರಿ, ಕೂಡ್ರಿ." ಕಂಬಳಿಯ ಮೇಲೆ ಜಾಗ ಮಾಡಿದಳು, ಸೊಸೆಯ ಗಂಟಿನಲ್ಲಿದ್ದದ್ದನ್ನೂ ತೆಗೆಸಿ ಎರಡೂ ಡಬ್ಬಿಗಳನ್ನು ತಾನಾಗಿಯೇ ನನ್ನ ಮುಂದಿಟ್ಟಳು. ನಾನು ಎಷ್ಟು ಹೇಳಿದರೂ ಕೇಳದವರು ಒಂದು ಹೆಸರಿಗೆ ಕುರಿಮರಿಗಳಾದರು. ಹಲ್ಲು ಕಡಿದುಕೊಂಡು ಕೂತೆ.

ಆ ಕಲಬೆರಕೆಯಲ್ಲಿ ನಾನು ಬೇಕಾದರೆ ಒಂದೊಂದನ್ನೂ ಗೆರೆ ನೋಡಿ, ಅಂಚು ನೋಡಿ ಬೇರೆ ಮಾಡಬಲ್ಲೆ. ಆದರೆ ಪುಡಿ ಮೆತ್ತಿದ ಗುಳಿಗೆ. ಒಂದೇ ಒಂದು ತಪ್ಪಿ ಆ ಕಡೆ ಹೋದರೆ? ಅನುಮಾನ ಬಂದ ಗುಳಿಗೆಯನ್ನು ಯಾರ ಬಾಯಿಗೂ ಕೊಡಬಾರದು. ಎರಡೂ ಡಬ್ಬಿಗಳನ್ನು ತೆಗೆದುಕೊಂಡು ಎದ್ದೆ. ಮುಕಾದಮ್ ಅಡ್ಡ ಬಂದ. "ಬಾಯಾರ, ಗಾಡಿ ನಿಲ್ಲಂಗಿಲ್ಲ ನೋಡ್ರಿ."

"ನಿಲ್ಲಬೇಕು! ಕೋಯ್ತಾ ಹಿಡದಾಗ ಈ ಕೂಸಿಗಿ ಫಿಟ್ಸ್ ಬಂದು ಅದರ ಮ್ಯಾಲೇ ಬಿದ್ಲಂದ್ರ ಯಾರಿಗಿ ಜವಾಬ ಕೊಡ್ತಿ? ನಾ ಬರೂತನಕ ಗಾಡಿ ಹಂದಬಾರ್ದು!"

ಅವನು ಪಕ್ಕಕ್ಕೆ ಸರಿದ. ಬೈಯುವುದು ನನಗೆ ಚೆನ್ನಾಗಿ ಬರುತ್ತದೆ, ಅದೊಂದು ಆ ದಿನ ಕೆಲಸಕ್ಕೆ ಬಂತು. ದವಾಖಾನೆಗೆ ಓಡಿದೆ. ಸಾಹೇಬರು ಊಟಕ್ಕೆ ಹೊರಟಿದ್ದರು, ಬಾಗಿಲಲ್ಲೇ ತಡೆದು, ಡಬ್ಬಿ ತೋರಿಸಿ, ಹೊಸದಾಗಿ ಬರೆಸಿಕೊಂಡೆ. ಎಣಿಸಿದೆ. ನನ್ನ ಕೈ ಅಷ್ಟು ವೇಗವಾಗಿ ಹಿಂದೆಂದೂ ಓಡಿರಲಿಲ್ಲ. ನೀಲಮ್ಮನಾಗಿದ್ದರೆ ಲಾರಿ ಹೋಗಿಯೇ ಬಿಡುತ್ತಿತ್ತು. ಪೊಟ್ಟಣ ಕಟ್ಟುವಾಗ ದಾರ ಬೇಕಾಯಿತು. ಆ ಉಣ್ಣೆ ಕಾಣದಿದ್ದರೆ ಅವರು ನಂಬುವುದಿಲ್ಲ. ಅವಳ ಡ್ರಾಯರ್ ತೆಗೆದು ಅವಳ ದಾರದಿಂದಲೇ ಕಟ್ಟಿದೆ. ಏನು ಕರ್ಮ!

ಮತ್ತೆ ಓಡಿ ಬಂದು ಕಂಬಳಿಯ ಮೇಲೆ ಕೂತೆ. ಪೊಟ್ಟಣ ನೋಡಿ ತುಳಜಮ್ಮ, "ಹಂಗಾರ ಅಕಿಗಿ ಹಗಲಿಂದು ಬ್ಯಾಡೇನ್ರಿ?" ಎಂದು ಮತ್ತೆ ಶುರು ಮಾಡಿದಳು. ಓಡಿದ ಉಬ್ಬಸ, ಬಿಸಿಲು, ಹಸಿವು, ಅದರ ಮೇಲೆ ಹೊಟ್ಟೆಯ ಉರಿ. ರೇಗಿಹೋಯಿತು.

"ಆಯಿ, ಜ್ವಾಳ ಹಂಚ್ತೀರಿ, ಖಾರ ಹಂಚ್ತೀರಿ, ಸೀರಿನೂ ಹಂಚಿ ಉಡ್ತೀರಿ. ನಿಮ್ಮ ಕುಪ್ಪಸ ಅಕಿಗಿ ಬರ್ತದೇನ್ರಿ? ಅಕಿದು ನಿಮಗ ಹತ್ತತದೇನು?"

ತುಳಜಮ್ಮ ತನ್ನ ಸ್ಥೂಲ ಮೈ ನೋಡಿಕೊಂಡಳು, ಕಡ್ಡಿಯಂಥ ಸೊಸೆಯನ್ನು ನೋಡಿದಳು. ಸುತ್ತ ನಿಂತ ಹೆಂಗಸರು ಕಿಸಕ್ಕೆಂದರು.

"ಗುಳಿಗಿ ಜ್ವಾಳ ಅಲ್ರಿ, ಕುಪ್ಪಸ. ಅಳತಿ ತಗೊಂಡು ಒಬ್ಬರಿಗಂತ ಹೊಲದದ್ದು. ನೀವ್ ಎಷ್ಟು ಅಕ್ಕರೀಲೆ ಕೊಟ್ಟರೂ ಅಕಿಗಿ ಆಗಿ ಬರಂಗಿಲ್ಲ."

"ಹಾಂ," ಎಂದಳು ತುಳಜಮ್ಮ. ಸೊಸೆಯ ತೋಳು ಮುಟ್ಟಿ ನೋಡಿ ಇನ್ನೊಮ್ಮೆ, "ಹಾಂ, ಇದು ಖರೆ." ತಾನೇ ಗಂಟಿನಿಂದ ಸೊಸೆಯ ಹಳೆಯ ಕುಪ್ಪಸ ತೆಗೆದು, ಅಂಚು ಹರಿದು, ಆ ಚಿಂದಿಯನ್ನು ಕರಿ ದಾರದ ಪೊಟ್ಟಣಗಳಿಗೆ ಕಟ್ಟಿದಳು. ನಾನು ಚಂದ್ರಕಲಾಳಿಗೆ, "ಈಗ ನೀ ನೀಲಕ್ಕ, ನಾ ಪೇಷಂಟ್, ಹೇಳು" ಎಂದೆ. ನನ್ನ ಬಾಯಲ್ಲಿ ಆ ಮಾತು ಬೇವಿನಂತೆ ಕಹಿಯಾಯಿತು. ಅವಳು ತಲೆ ಎತ್ತಿ, "ರಾತ್ರಿ ಉಂಡಮ್ಯಾಲ ಒಂದು. ದಿನಾ. ಯಾರಿಗೂ ಕೊಡಂಗಿಲ್ಲ, ಯಾರದೂ ತಗೊಳ್ಳಂಗಿಲ್ಲ" ಎಂದಳು. ಅಷ್ಟರಲ್ಲಿ ಉಳಿದ ಕಂಬಳಿಗಳವರೂ ತಮ್ಮ ಡಬ್ಬಿ ಹಿಡಿದು ಸುತ್ತ ಕೂತಿದ್ದರು. ಎಲ್ಲರದ್ದೂ ನೋಡಿ, ಕಲೆತುಹೋದದ್ದಕ್ಕೆ ಮತ್ತೆ ಸಾಹೇಬರಿಂದ ಬರೆಸಿ ತಂದು ಕೊಟ್ಟು ಮುಗಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ಲಾರಿ ಹೊರಟಾಗ ಮೇಲಿನಿಂದ ಯಾರೋ ಕೂಗಿದರು: "ನೀಲಕ್ಕಗ ಶರಣಂತ ಹೇಳ್ರಿ!"

ಮರುದಿನ ನೀಲಮ್ಮ ಬಂದಾಗ ಇಷ್ಟೇ ಹೇಳಿದೆ: "ದಾರದಿಂದ ಹೊತ್ತು ತಿಳೀತದ, ಯಾರದಂತ ತಿಳಿಯಂಗಿಲ್ಲ. ಪಾಲು ಮಾಡ್ಕೋತಾರ. ಇನ್ನ ಅವರವರ ಕುಪ್ಪಸದ ಚಿಂದಿ, ರುಮಾಲಿನ ಚಿಂದಿ ತರಿಸಿ ಕಟ್ರಿ." ಹೇಳದೆ ಬಿಡುವಂಥ ವಿಷಯವಲ್ಲ, ಉಳಿದ ಟೋಳಿಗಳು ಇನ್ನೂ ಹೊರಡುವುದಿತ್ತು. ಬಸ್ ಸ್ಟ್ಯಾಂಡಿನ ಕಥೆ ಮಾತ್ರ ಹೇಳಲಿಲ್ಲ. ಅವಳು ಕಣ್ಣರಳಿಸಿ, "ಎಂಥಾ ಛಂದ ಹೇಳಿದ್ರಿ ರಮಾಬಾಯಿ!" ಎಂದು ಅಂದಿನಿಂದಲೇ ಶುರು ಮಾಡಿದಳು. ವಾರ ಕಳೆಯುವುದರೊಳಗೆ ಊರೆಲ್ಲ ಒಂದೇ ಮಾತು: ನೀಲಕ್ಕ ಹೊಸ ಉಪಾಯ ಮಾಡ್ಯಾಳ. ನಮ್ಮ ಅವ್ವನೂ ಹೇಳಿದಳು, "ಅಕಿ ತಲಿ ನೋಡು!" ನಾನು ಚಹಾದ ಬಟ್ಟಲು ಸ್ವಲ್ಪ ಜೋರಾಗಿಯೇ ಕೆಳಗಿಟ್ಟೆ.

ಆ ಚಳಿಗಾಲ, ಆಮೇಲಿನ ಬೇಸಿಗೆ ಹೇಗೆ ಕಳೆದೆನೋ ನನಗೇ ಗೊತ್ತು. ಬಾವಿಗಳು ಬತ್ತಿದವು, ಟ್ಯಾಂಕರಿನ ನೀರಿಗೆ ಜಗಳವಾಡಿ ತಲೆ ಒಡೆದುಕೊಂಡವರು ದವಾಖಾನೆಗೆ ಬಂದರು. ನನಗೆ ದಿನವೂ ಆ ಹುಡುಗಿಯದೇ ಚಿಂತೆ. ಗುಳಿಗೆ ಒದ್ದೆಯಾಯಿತೋ, ಕಳೆಯಿತೋ, ಹೊಲದಲ್ಲಿ ಬಿದ್ದಳೋ. ಯಾರನ್ನು ಕೇಳುವುದು? ನೀಲಮ್ಮನ ಬಳಿ ಹೇಳಿಕೊಂಡಿದ್ದರೆ ಮನಸ್ಸು ಹಗುರಾಗುತ್ತಿತ್ತೇನೋ. ಆ ಚಿಂತೆಯೊಂದಾದರೂ ನನ್ನೊಬ್ಬಳದೇ ಆಗಿರಲಿ ಎಂದು ಹೇಳಲಿಲ್ಲ.

ಬೇಸಿಗೆಯ ನಡುವೆ ಟೋಳಿಗಳು ತಿರುಗಿ ಬಂದವು. ಒಂದು ಮುಂಜಾನೆ ಗೇಟಿನಲ್ಲಿ ತುಳಜಮ್ಮ ಕಂಡಳು, ಹಿಂದೆ ಚಂದ್ರಕಲಾ. ಬಿಸಿಲಿಗೆ ಕಪ್ಪಾಗಿದ್ದಳು, ಕೈಗಳು ಒರಟಾಗಿದ್ದವು, ಆದರೆ ನೆಟ್ಟಗೆ ನಡೆದು ಬರುತ್ತಿದ್ದಳು. ನನ್ನ ಕೈಯಲ್ಲಿದ್ದ ತಟ್ಟೆ ವಾಲಿ ಗುಳಿಗೆಗಳೆಲ್ಲ ನೆಲದ ಪಾಲಾದವು. ಅವರು ನನ್ನ ಕಿಟಕಿ ದಾಟಿ ಪಕ್ಕದ ಕಿಟಕಿಗೆ ಹೋದರು. ತುಳಜಮ್ಮ ಕಬ್ಬಿನ ಊರಿನ ಬೆಲ್ಲದ ಪೆಂಟೆಯನ್ನು ಒಳಗೆ ಸರಿಸಿದಳು.

"ನೀಲಕ್ಕ, ಆವತ್ತು ನೀವು ಈ ಬಾಯಾರಿಗಿ ಕಳಿಸದಿದ್ರ ನಾ ನನ್ನ ಕೈಯಾರೆ ನನ್ನ ಸೊಸಿಗಿ ಕೊಲ್ತಿದ್ದೆ. ಗುಳಿಗಿ ಅಂದ್ರ ಕುಪ್ಪಸ ಅಂತ ಹೇಳಿ ಕಳಿಸಿದ್ರಲ್ಲ, ಊರಿಗೂರೇ ಅದೇ ಮಾತಾಡ್ತದ."

ನೀಲಮ್ಮನಿಗೆ ತಲೆಬುಡ ತಿಳಿಯಲಿಲ್ಲ. ನನ್ನ ಕಡೆ ನೋಡಿದಳು. ನಾನು ನೆಲದ ಗುಳಿಗೆ ನೋಡಿದೆ. ಈಗ "ನಾ ಯಾರಿಗೂ ಕಳಿಸಿಲ್ಲ" ಎನ್ನುತ್ತಾಳೆ, ಇವರು ನಾನು ಸುಳ್ಳು ಹೇಳಿದೆ ಎನ್ನುತ್ತಾರೆ, ಮುಂದೆ ಯಾರೂ ಯಾರ ಮಾತನ್ನೂ ಕೇಳುವುದಿಲ್ಲ ಎಂದು ಎದೆ ಹೊಡೆದುಕೊಂಡಿತು.

"ಹೌದವ್ವಾ," ಎಂದಳು ನೀಲಮ್ಮ, ರೆಪ್ಪೆ ಬಡಿಯದೆ. "ನಾನೇ ಕಳಿಸಿದ್ದೆ. ಅಕಿ ನಾನು ಬ್ಯಾರೆ ಅಲ್ಲ. ಅಕಿ ಹೇಳಿದ್ರ ನಾ ಹೇಳಿದಂಗ ತಿಳೀರಿ."

ಸರಿಯಾದ ಉತ್ತರ. ಅವಳ ಜಾಗದಲ್ಲಿ ನಾನಿದ್ದರೆ ನನಗೆ ಹೊಳೆಯುತ್ತಿರಲಿಲ್ಲ, ಅದಕ್ಕೇ ಇನ್ನಷ್ಟು ಉರಿಯಿತು. ತಡೆಯಲಾಗದೆ ಸರಳಿನ ನಡುವೆ ಮುಖ ಹಾಕಿ ಕೇಳಿಯೇಬಿಟ್ಟೆ: "ಚಂದ್ರಕಲಾ, ಫಿಟ್ಸ್ ಬಂದಿತ್ತೇನವ್ವಾ?"

ಅವಳು ತಿರುಗಿದಳು. "ಒಮ್ಮಿನೂ ಇಲ್ರಿ ಬಾಯಾರ."

ಕಣ್ಣು ತುಂಬಿ ಬಂತು. ಮರೆಸಲು ಬಗ್ಗಿ ಗುಳಿಗೆ ಹೆಕ್ಕತೊಡಗಿದೆ. ಅವರು ಹೋದ ಮೇಲೆ ನೀಲಮ್ಮ ಬಂದು ಪಕ್ಕದಲ್ಲಿ ಕೂತು ತಾನೂ ಹೆಕ್ಕಿದಳು, ನೆಲಕ್ಕೆ ಬಿದ್ದವನ್ನು ಬಿಸಾಡುವ ಬುಟ್ಟಿಗೆ ಹಾಕಿದಳು. ನಾನು ಮುಖ ಎತ್ತದೆ ಹೇಳಿದೆ, "ಕುಪ್ಪಸದ ಮಾತು ನಂದು."

"ಗೊತ್ತದರಿ. ಅಷ್ಟು ಸಿಟ್ಟಿನ ಮಾತು ನನಗೆಲ್ಲಿ ಬರ್ತದ?" ಎಂದು ನಕ್ಕಳು. "ಮುಂದಿನ ಸಲ ನಾ ನಿಮಗ ಕಳಿಸೂದಿದ್ರ ನನಗೂ ಒಂದ್ ಮಾತ್ ತಿಳಿಸ್ರಿ."

"ತಿಳಿಸಂಗಿಲ್ಲ," ಎಂದೆ.

ಮುಂದಿನ ದಸರೆ ಮುಗಿದು ಟೋಳಿ ಹೊರಡುವ ದಿನ, ಅವಳಿಗೆ ಹೇಳದೆ ಬಸ್ ಸ್ಟ್ಯಾಂಡಿಗೆ ಹೋದೆ. ಮೊದಲ ಕಂಬಳಿಯ ಹೆಂಗಸು ಹೊಸಬಳು. ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ನೀವ್ ಯಾರ್ರಿ?" ಎಂದಳು.

ಅವಳ ಮುಂದೆ ಕೂತು, ಹಲ್ಲು ಕಡಿದುಕೊಂಡೇ ಹೇಳಿದೆ:

"ನೀಲಕ್ಕ ಕಳಿಸ್ಯಾಳ."